ಅಜ್ಜ ಹೇಳಿದರೂ ನಂಬದ ಹುಡುಗಿ

ನಮ್ಮ ಪಕ್ಕದ ಮನೆ ಅಜ್ಜನಿಗೆ ಬಾತುಕೋಳಿ ಬೇಟೆಯ ಹುಚ್ಚು. ಇಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಸೀಸನ್ ಶುರುವಾಗುತ್ತೆ. ಅದಕ್ಕೆ ಮೊದಲು ಅವರು ಗ್ಯಾರೇಜಿನ ಬೆಂಚಿನ ಮೇಲೆ ಹಳೇ ಟವೆಲ್ ಹಾಸಿ, ಕೋವಿ ಬಿಚ್ಚಿ ಒರೆಸಲು ಕೂರುತ್ತಾರೆ. ಈ ಸಲ ನನ್ನನ್ನೂ ಕರೆದರು. ಜೊತೆಗೆ ಹನ್ನೆರಡು ವರ್ಷದ ಮೊಮ್ಮಗಳಿದ್ದಳು.

ಕೋವಿ ರೆಮಿಂಗ್ಟನ್ 870. 1950ರಲ್ಲಿ ಬಂದ ಮಾಡೆಲ್. ಇದುವರೆಗೆ ತಯಾರಾದದ್ದು ಒಂದು ಕೋಟಿಗೂ ಜಾಸ್ತಿ. ಮುಂದಿನ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ. ಪಂಪ್ ಕೋವಿ ಅಂದರೆ ಅಷ್ಟೇ.

ಅಜ್ಜ ಹಿಡಿ ಎಳೆದರು. ಒಳಗೆ ಇಣುಕಿ, ಬೆರಳು ಹಾಕಿ ನೋಡಿ ‘ಖಾಲಿ’ ಎಂದರು. ನಾನು ತಲೆಯಾಡಿಸಿದೆ. ಮೊಮ್ಮಗಳು ಆಡಿಸಲಿಲ್ಲ. ‘ನೀನು ನೋಡಿದ್ದು ನಿನಗಾಯ್ತು ಅಜ್ಜ, ನಾನಿನ್ನೂ ನೋಡಿಲ್ಲ’ ಎಂದು ತಾನೂ ಬೆರಳು ಹಾಕಿದಳು.

ನನಗೇ ಕಸಿವಿಸಿಯಾಯ್ತು. ಇಷ್ಟು ವರ್ಷ ಕೋವಿ ಹಿಡಿದ ಹಿರಿಯರು ಹೇಳಿದ ಮೇಲೂ ಪರೀಕ್ಷೆಯಾ? ಅಜ್ಜನ ಮುಖದಲ್ಲಿ ಮಾತ್ರ ಬೇಜಾರಿನ ಸುಳಿವೇ ಇಲ್ಲ. ಇಲ್ಲಿ 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಬೇಟೆ ಲೈಸೆನ್ಸ್ ಕೊಳ್ಳಬೇಕಾದರೆ ಕೋವಿ ಸುರಕ್ಷತೆಯ ತರಗತಿ ಮುಗಿಸಿ ಸರ್ಟಿಫಿಕೇಟ್ ಪಡೆಯಬೇಕು. ಅಜ್ಜ ಅದಕ್ಕಿಂತ ಎಷ್ಟೋ ಮೊದಲು ಹುಟ್ಟಿದವರು. ಹಾಗಾಗಿ ಆ ಮನೆಯಲ್ಲಿ ಪಾಠ ಕಲಿತವಳು ಅವಳೇ!

ಬಿಚ್ಚಿದ್ದು ಎರಡೇ ನಿಮಿಷದ ಕೆಲಸ. ಮುಂದಿನ ಕ್ಯಾಪ್ ತಿರುಗಿಸಿದರೆ ನಳಿಗೆ ಕೈಗೆ ಬಂತು. ಎರಡು ಪಿನ್ ತಳ್ಳಿದರೆ ಟ್ರಿಗರ್ ಭಾಗ ಇಡಿಯಾಗಿ ಕೆಳಗಿಳಿಯಿತು. ಕಷ್ಟ ಇರುವುದು ಜೋಡಿಸುವುದರಲ್ಲಿ. ಹಿಡಿಗೆ ಎರಡು ಉದ್ದ ಪಟ್ಟಿಗಳಿವೆ. ಅವುಗಳ ತುದಿಯಲ್ಲಿ ಒಂದು ಪುಟ್ಟ ಕಬ್ಬಿಣದ ತುಂಡು, ಅದರ ಮೇಲೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್. ಎರಡೂ ಸುಮ್ನೆ ಕೂತಿರುತ್ತವೆ, ಹಿಡಿದಿಡುವುದು ಏನೂ ಇಲ್ಲ. ಕೈ ಸ್ವಲ್ಪ ವಾಲಿದರೆ ಟಪ್ ಎಂದು ಟವೆಲ್ ಮೇಲೆ. ಹುಷಾರಾಗಿ ಒಳಗೆ ತಳ್ಳಿದರೂ ಅರ್ಧಕ್ಕೇ ನಿಲ್ಲುತ್ತೆ. ಒಳಗೆ ಎರಡೂ ಬದಿಯಲ್ಲಿ ತೋಟಾ ತಡೆಯುವ ತೆಳು ಪಟ್ಟಿಗಳಿವೆ, ಅವು ಅಡ್ಡ ಬರುತ್ತವೆ. ಬಲಗಡೆಯದನ್ನು ಬೆರಳಲ್ಲಿ ಒತ್ತಿದರೆ ಒಂದಿಷ್ಟು ಮುಂದೆ. ಮತ್ತೆ ನಿಲ್ಲುತ್ತೆ. ಈಗ ಎಡಗಡೆಯದು. ಜೋರು ಮಾಡುವಂತಿಲ್ಲ. ಹುಡುಗಿ ನಾಲಿಗೆ ಕಚ್ಚಿಕೊಂಡು ‘ಬಲ, ಆಮೇಲೆ ಎಡ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ನಳಿಗೆಯ ಕೆಳಗಿನ ತೋಟಾ ಕೊಳವೆಯ ಸ್ಪ್ರಿಂಗನ್ನು ಅಜ್ಜ ಆಗಲೇ ಒಳಗೆ ಕೂರಿಸಿ, ನಳಿಗೆಯನ್ನೂ ಸೇರಿಸಿ, ಕ್ಯಾಪ್ ಬಿಗಿ ಮಾಡಿದರು. ‘ಮುಗೀತು’ ಎಂದರು.

‘ಕಡ್ಡಿ ಎಲ್ಲಿ?’ ಎಂದಳು ಮೊಮ್ಮಗಳು.

ಸ್ಪ್ರಿಂಗಿನೊಳಗೆ ಇರಬೇಕಾದ ಮರದ ಕಡ್ಡಿ ಅದು. ಬಾತುಕೋಳಿ ಬೇಟೆಯಲ್ಲಿ ಕೋವಿಗೆ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಸಬಾರದು ಅನ್ನೋದು ಇಡೀ ಅಮೆರಿಕಕ್ಕೆ ಇರುವ ಕಾನೂನು. ಜಾಗ ತುಂಬಿಸಲಿಕ್ಕೇ ಈ ಕಡ್ಡಿ. ಅದು ಟವೆಲ್ ಮಡಿಕೆಯಲ್ಲಿ ಬಿದ್ದಿತ್ತು. ಅಜ್ಜ ಜೋರಾಗಿ ನಕ್ಕು, ಕ್ಯಾಪ್ ಮತ್ತೆ ತಿರುಗಿಸಿದರು.

ನಮ್ಮಪ್ಪ ಟೇಬಲ್ ಫ್ಯಾನ್ ಬಿಚ್ಚಿ ಜೋಡಿಸಿದಾಗಲೆಲ್ಲ ಒಂದು ಸ್ಕ್ರೂ ಉಳಿಯುತ್ತಿತ್ತು. ಮನೆಮಂದಿಯೆಲ್ಲ ನೋಡುತ್ತಿದ್ದೆವು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಪ್ಪ ಎದ್ದು ಹೋದ ಮೇಲೆ ಅಮ್ಮ ಅದನ್ನು ಮೆಲ್ಲಗೆ ಎತ್ತಿ ಡಬ್ಬಿಗೆ ಹಾಕುತ್ತಿದ್ದಳು. ಫ್ಯಾನ್ ಗಡಗಡ ಅಂತಲೇ ತಿರುಗುತ್ತಿತ್ತು. ಅದನ್ನು ನಾವು ಮರ್ಯಾದೆ ಅಂದುಕೊಂಡಿದ್ದೆವು. ನಿಜ ಹೇಳಬೇಕೆಂದರೆ ಹೆದರಿಕೆಯೇ ಜಾಸ್ತಿ ಇತ್ತು, ಅಲ್ವಾ? ಆ ಅಜ್ಜ ಮೊಮ್ಮಗಳ ಕಣ್ಣಲ್ಲಿ ಒಂದಿಷ್ಟೂ ಸಣ್ಣವರಾಗಲಿಲ್ಲ. ಟ್ರಿಗರ್ ಒತ್ತದಂತೆ ತಡೆಯುವ ಸೇಫ್ಟಿ ಹಾಕಿ, ತೆಗೆದು, ಟ್ರಿಗರ್ ಪರೀಕ್ಷೆ ಮಾಡುವ ಮೊದಲು ‘ಇನ್ನೊಮ್ಮೆ ನೋಡ್ತೀಯಾ?’ ಎಂದು ಅವರೇ ಕೇಳಿದರು.

ಇದನ್ನೆಲ್ಲ ನನ್ನ ಮಗ ಬಾಗಿಲಲ್ಲಿ ನಿಂತು ನೋಡಿದ್ದ. ಈಗ ನಮ್ಮ ಮನೆಯಲ್ಲೂ ಶುರುವಾಗಿದೆ. ‘ಸ್ಟವ್ ಆಫ್ ಮಾಡಿದ್ದೀನಿ, ನಡಿ’ ಅಂದರೆ ‘ನಾನು ನೋಡಿಲ್ಲ ಅಪ್ಪ’ ಎಂದು ವಾಪಸ್ ಒಳಗೆ ಓಡುತ್ತಾನೆ. ಅಜ್ಜನ ಹಾಗೆ ನಗಲು ನನಗೆ ಇನ್ನೂ ಆಗಿಲ್ಲ. ‘ಅಪ್ಪ ಹೇಳಿದ ಮೇಲೆ ಮುಗೀತು’ ಅನ್ನುವ ಮಾತು ನಾಲಿಗೆ ತುದಿಯವರೆಗೂ ಬರುತ್ತೆ. ಅದನ್ನು ನುಂಗಿಕೊಂಡು, ಶೂ ಹಾಕಿಕೊಂಡು ಕಾಯುತ್ತೇನೆ.