ಸರ್ವಾಂಗಾಸನಕ್ಕೆ ನಾಲ್ಕು ಕಂಬಳಿ ಯಾಕೆ?

ಸರ್ವಾಂಗಾಸನ ಅಂದರೆ ಅಂಗಾತ ಮಲಗಿ, ಭುಜದ ಮೇಲೆ ಭಾರ ಹಾಕಿ, ಮೈ-ಕಾಲನ್ನು ನೆಟ್ಟಗೆ ಮೇಲೆತ್ತಿ ನಿಲ್ಲುವ ಆಸನ. ಕೋಲಾರದ ನಮ್ಮ ಯೋಗ ಕ್ಲಾಸಿಗೆ ಹೊಸದಾಗಿ ಬಂದವರು ತಪ್ಪದೆ ಕೇಳುತ್ತಾರೆ: "ಮೇಡಂ, ಸರ್ವಾಂಗಾಸನಕ್ಕೆ ಇಷ್ಟೊಂದು ಕಂಬಳಿ ಯಾಕೆ? ಟಿವಿಯಲ್ಲಿ ಬರೀ ಚಾಪೆ ಮೇಲೆ ಮಾಡ್ತಾರಲ್ವಾ?" ಕಂಬಳಿ ಹಾಕಿದರೆ ಅದು ಅರ್ಧ ಯೋಗ ಅನ್ನುವ ಅನುಮಾನ ಆ ಮಾತಿನಲ್ಲಿ ಇದ್ದೇ ಇರುತ್ತದೆ.

ಈಗ ಕೂತಲ್ಲೇ ಗದ್ದವನ್ನು ಎದೆ ಕಡೆ ಬಗ್ಗಿಸಿ ನೋಡಿ. ಸಾಮಾನ್ಯವಾಗಿ ಕುತ್ತಿಗೆ ಆರಾಮಾಗಿ ಬಗ್ಗುವುದು ಸುಮಾರು 50 ಡಿಗ್ರಿ. ಬರೀ ನೆಲದ ಮೇಲೆ ತಲೆ, ಭುಜ ಎರಡೂ ಇಟ್ಟು ಮೈಯನ್ನು ನೆಟ್ಟಗೆ ನಿಲ್ಲಿಸಿದರೆ ಅದು 90ರ ಹತ್ತಿರ ಬಗ್ಗಬೇಕು. ಉಳಿದದ್ದಕ್ಕೆ ಎಳೆದಾಡಿಸಿಕೊಳ್ಳೋದು ಕುತ್ತಿಗೆಯ 7 ಮೂಳೆಗಳು, ಅವುಗಳ ನಡುವಿನ ಮೆತ್ತೆ. ಅದೂ ಮೈಭಾರ ಮೇಲಿರುವಾಗ! ಭುಜವನ್ನು ಮೂರ್ನಾಲ್ಕು ಇಂಚು ಎತ್ತರಿಸಿ ತಲೆಯನ್ನು ಕೆಳಗೆ ಬಿಟ್ಟರೆ ಕುತ್ತಿಗೆ ಅಷ್ಟು ಬಗ್ಗಬೇಕಿಲ್ಲ. ಭಾರ ಭುಜಕ್ಕೆ, ತೋಳಿಗೆ ಹೋಗುತ್ತದೆ. ಕಂಬಳಿಯ ಕೆಲಸ ಇಷ್ಟೇ.

ನಾನು ಕಲಿತಾಗ ಕಂಬಳಿ ಇರಲಿಲ್ಲ. ಹತ್ತು ನಿಮಿಷ ನಿಲ್ಲಬೇಕು ಅನ್ನೋ ಹಟ ಮಾತ್ರ ಇತ್ತು. ಒಂದು ದಿನ ಇಳಿದ ಮೇಲೆ ಎಡಗೈ ಬೆರಳುಗಳು ಜುಮ್ಮೆಂದವು. ಆಮೇಲೆ ಎರಡು ತಿಂಗಳು ಸ್ಕೂಟರ್ ಓಡಿಸುವಾಗ ಹಿಂದೆ ತಿರುಗಿ ನೋಡೋಕೂ ಆಗುತ್ತಿರಲಿಲ್ಲ.

"ಯೋಗಗುರು ಅಯ್ಯಂಗಾರ್ ಅವರ ಹಳೇ ಫೋಟೋದಲ್ಲಿ ಇಷ್ಟೆಲ್ಲ ಇಲ್ವಲ್ಲ?" ಅಂತ ಕೆಲವರು ವಾದಕ್ಕೆ ಬರುತ್ತಾರೆ. ನಿಜ. 1966ರ ಅವರ ಪುಸ್ತಕದಲ್ಲಿ ನೆಲಕ್ಕೆ ಹಾಸಿದ ತೆಳು ಕಂಬಳಿ ಅಷ್ಟೇ ಕಾಣೋದು. ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ತಾಲ್ಲೂಕಿನವರೇ. ಹೆಸರಿನ ಮೊದಲಿರುವ 'ಬಿ' ಅಂದರೆ ಬೆಳ್ಳೂರು. 1918ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಕಾಯಿಲೆಗಳಲ್ಲೇ ನರಳಿದವರು. ಶಿಷ್ಯರ ಭುಜದಡಿ ಕಂಬಳಿ ಪೇರಿಸೋದನ್ನು ರೂಢಿಗೆ ತಂದದ್ದೂ ಅವರ ಪಾಠವೇ. ಫೋಟೋದಲ್ಲಿರುವುದು ಅವರ ಕುತ್ತಿಗೆ. ಕ್ಲಾಸಿಗೆ ಬರೋದು ನಮ್ಮದು.

ಮಡಿಸೋದರಲ್ಲೇ ಅರ್ಧ ಪಾಠ ಇದೆ. ಕುಚ್ಚಿರುವ ತುದಿ ಬೆನ್ನಿನ ಕಡೆಗಿರಬೇಕು, ದುಂಡಗೆ ಮಡಿಸಿದ ಅಂಚು ಕುತ್ತಿಗೆ ಕಡೆಗೆ. ನಾಲ್ಕೂ ಕಂಬಳಿಯ ಈ ಅಂಚು ಒಂದೇ ಗೆರೆಯಲ್ಲಿ ಕೂರಬೇಕು. ಭುಜ ಅಂಚಿನಿಂದ ಎರಡು ಬೆರಳು ಒಳಗೆ, ಕುತ್ತಿಗೆ ಪೂರ್ತಿ ಹೊರಗೆ. ನಮ್ಮೂರ ಕರಿ ಕಂಬಳಿ ಚುಚ್ಚುತ್ತೆ ಅಂತ ಎಲ್ಲರೂ ದೂರುತ್ತಾರೆ, ಆದರೆ ಅದು ಜಾರಲ್ಲ. ಮೆತ್ತನೆ ಫ್ಲೀಸ್ ಹೊದಿಕೆ ತಂದವರು ಮಾತ್ರ ಅಂಗೈಯಗಲ ಜಾರಿ, ಕಾಲು ಗೋಡೆಗೆ ಬಡಿದುಕೊಂಡು ನಗುತ್ತಾರೆ.

ಮೇಲೆ ಹೋದ ಮೇಲೆ ನಾನು ಎಲ್ಲರಿಗೂ ಒಂದೇ ಮಾತು ಹೇಳೋದು: "ಎಂಜಲು ನುಂಗಿ." ನುಂಗೋಕೆ ಕಷ್ಟ ಆದರೆ ಇಳಿಯಿರಿ, ಇನ್ನೊಂದು ಕಂಬಳಿ ಹಾಕೋಣ. ತಲೆಯನ್ನು ಆಚೀಚೆ ತಿರುಗಿಸಲೇಬೇಡಿ, ಪಕ್ಕದವರ ಕಾಲು ನೆಟ್ಟಗಿದೆಯಾ ಅಂತ ನೋಡೋಕೂ ಸಹ. ಮಂಡಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನಮ್ಮ ಅಣ್ಣ ಒಬ್ಬರಿಗೆ ಮೊಣಕೈ ಹೊರಗೆ ಓಡುತ್ತಿದ್ದವು. ಮೊಣಕೈಗಿಂತ ಸ್ವಲ್ಪ ಮೇಲೆ ಬೆಲ್ಟ್ ಕಟ್ಟಿದ್ದೇ ತಡ, ಬೆನ್ನು ತಾನಾಗಿ ಎದ್ದು ನಿಂತಿತು.

ಬಿಪಿ ಜಾಸ್ತಿ ಇರುವವರು, ಕಣ್ಣಿನಲ್ಲಿ ಗ್ಲಾಕೋಮಾ ಅಥವಾ ರೆಟಿನಾ ತೊಂದರೆ ಇರುವವರು, ಕುತ್ತಿಗೆ ಸವೆದವರು ಇದನ್ನು ಮಾಡಬೇಡಿ, ಎಷ್ಟೇ ಕಂಬಳಿ ಇದ್ದರೂ. ಇದರ ಬದಲು ಗೋಡೆಗೆ ಕಾಲು ಚಾಚಿ ಮಲಗೋದಕ್ಕೂ ಡಾಕ್ಟರನ್ನು ಒಮ್ಮೆ ಕೇಳಿಕೊಂಡು ಬನ್ನಿ. ಈ ಆಸನದಿಂದ ಥೈರಾಯ್ಡ್ ವಾಸಿಯಾಗುತ್ತೆ ಅನ್ನೋ ಮಾತು ನಂಬಿ ಮಾತ್ರೆಯನ್ನಂತೂ ನಿಲ್ಲಿಸಬೇಡಿ.

ಹಾಂ, ನಾಳೆ ಬರುವಾಗ ಮನೆಯಿಂದಲೇ ಕಂಬಳಿ ತನ್ನಿ. ಕ್ಲಾಸಿನಲ್ಲಿ ಇರೋದು ಹನ್ನೆರಡು, ಮೂವರಿಗೇ ಮುಗಿದುಹೋಗುತ್ತವೆ.