ಬಲ್ಮಠದ ಮಳೆಯಲ್ಲಿ ಸಿಕ್ಕ ಮಾಸ್ಟ್ರು

ಜೂನ್‌ನಲ್ಲಿ ಮಂಗಳೂರಿಗೆ ಹೋದದ್ದು ಗೆಳತಿಯ ತಂಗಿಯ ಮದುವೆಗೆ. ಮದುವೆ ಚೆನ್ನಾಗಿ ಆಯಿತು, ಗೋಳಿಬಜೆ ಅದಕ್ಕಿಂತ ಚೆನ್ನಾಗಿತ್ತು. ಉಳಿದ ಎರಡು ದಿನದಲ್ಲಿ ಬರೆಯುವಂಥದ್ದು ಶನಿವಾರ ಸಂಜೆಯ ಒಂದೂವರೆ ಗಂಟೆ ಮಾತ್ರ.

ಆ ಸಂಜೆ ಶುರುವಾದದ್ದೇ ಎಡವಟ್ಟಿನಿಂದ. ಆಟೋದವರಿಗೆ "ಕಿಟೆಲ್ ಇದ್ದರಲ್ಲ, ಆ ಚರ್ಚ್‌ಗೆ" ಅಂದೆ. ಅವರು ತಲೆ ಅಲ್ಲಾಡಿಸಿ ಯಾವುದೋ ಚರ್ಚ್ ಮುಂದೆ ಇಳಿಸಿ ಹೋದರು. ಅದು ಕಥೋಲಿಕರ ಇಗರ್ಜಿ. ಮಳೆ ಸುರಿಯುತ್ತಿತ್ತು, ಕೊಡೆ ಲಾಡ್ಜ್‌ನಲ್ಲಿತ್ತು. ಮಂಗಳೂರಿನಲ್ಲಿ ಸುಮ್ನೆ "ಚರ್ಚ್" ಅಂದರೆ ಯಾವುದು ಅಂತ ದೇವರಿಗೂ ಗೊತ್ತಾಗಲಿಕ್ಕಿಲ್ಲ. ನೀವು ಹೋಗುವುದಾದರೆ "ಬಲ್ಮಠ, ಶಾಂತಿ ಕೆಥೆಡ್ರಲ್" ಅಂತ ಬಿಡಿಸಿ ಹೇಳಿ. ಕೊಡೆಯನ್ನೂ ಕೈಯಲ್ಲೇ ಇಟ್ಟುಕೊಳ್ಳಿ.

ಬೆಳಿಗ್ಗೆ ಸೇಂಟ್ ಅಲೋಶಿಯಸ್ ಚಾಪೆಲ್ ನೋಡಿದ್ದೆ. ಇಟಲಿಯ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಕೂತು ಗೋಡೆ, ಚಾವಣಿ ಎಲ್ಲ ಚಿತ್ರ ತುಂಬಿದ್ದಾರೆ. ಎಲ್ಲರೂ ಹೊಗಳುತ್ತಾರೆ. ನನಗೆ ಅದು ಸ್ವಲ್ಪ ಜಾಸ್ತಿಯೇ ಆಯಿತು, ಕಣ್ಣಿಗೆ ಉಸಿರಾಡಲು ಜಾಗವಿಲ್ಲ. ಬಲ್ಮಠದ ಹೆಂಚಿನ ಮಾಡಿನ ಹಳೇ ಕಟ್ಟಡಗಳೇ ನನಗೆ ಹಿಡಿಸಿದವು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಬಸ್ಸಿನಲ್ಲಿ ಯಾರೋ ನನ್ನ ಕೈಗೆ ಕರಪತ್ರ ತುರುಕಿದ್ದರು. ನಾವು ಪೂಜಿಸುವ ದೇವರೆಲ್ಲ ಸುಳ್ಳು ಅಂತ ಅದರಲ್ಲಿತ್ತು. ಆ ಸಿಟ್ಟು ಇನ್ನೂ ಹೋಗಿರಲಿಲ್ಲ.

ಕೊನೆಗೂ ಶಾಂತಿ ಕೆಥೆಡ್ರಲ್ ತಲುಪಿ ಅದರ ಜಗಲಿಯಲ್ಲಿ ನೆನೆದ ಕೋಳಿಯಂತೆ ನಿಂತಿದ್ದಾಗ ಒಬ್ಬ ಹಿರಿಯರು, "ಒಳಗೆ ಬನ್ನಿ ಮಾರಾಯ್ರೇ, ಎರಚಲು ಬೀಳ್ತದೆ" ಅಂದರು. ನಿವೃತ್ತ ಶಾಲಾ ಮಾಸ್ಟ್ರು. ಭಾನುವಾರದ ಆರಾಧನೆಗೆ ಹಾಡುವುದನ್ನು ಅಭ್ಯಾಸ ಮಾಡಲು ಬಂದಿದ್ದರು. ಉಳಿದವರು ಮಳೆಗೆ ಬಂದೇ ಇರಲಿಲ್ಲ.

ಮಾತು ಹೆಬಿಕ್‌ನಿಂದ ಶುರುವಾಯಿತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್‌ನಿಂದ ಮೊದಲು ಬಂದ ಮೂವರಲ್ಲಿ ಸಾಮ್ಯುವೆಲ್ ಹೆಬಿಕ್ ಒಬ್ಬರು. ಜಾತ್ರೆಗಳಿಗೇ ಹೋಗಿ ಬೋಧನೆ ಮಾಡುತ್ತಿದ್ದರಂತೆ. ಜನ ಮಣ್ಣು, ಸೆಗಣಿ ಎಸೆಯುತ್ತಿದ್ದರಂತೆ. ಇಲ್ಲಿನ ಭಾಷೆ ಅವರಿಗೆ ಕಡೆಗೂ ಸರಿಯಾಗಿ ಒಲಿಯಲಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳುವುದು, ಪಕ್ಕದಲ್ಲಿ ದುಭಾಷಿ ತಿರುಗಿಸುವುದು.

"ಪಾಪ, ಸೆಗಣಿ ದುಭಾಷಿಗೂ ಬಿದ್ದಿರಬೇಕು," ಅಂದೆ.

ಮಾಸ್ಟ್ರು ಜೋರಾಗಿ ನಕ್ಕರು. "ಅವನಿಗೇ ಜಾಸ್ತಿ ಬಿದ್ದಿರ್ತದೆ!"

ಆಮೇಲೆ ಅವರು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದ್ದಾರಲ್ಲ, ಅವರೇ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರಂತೆ. ಕಲ್ಲಚ್ಚಿನಲ್ಲಿ, ಇದೇ ಮಿಷನ್ ಪ್ರೆಸ್ಸಿನಲ್ಲಿ. ಕೃಷ್ಣನ ಮೇಲಿನ ಪದಗಳು! ನಮ್ಮಜ್ಜಿ ದೀಪ ಹಚ್ಚಿ ಹೇಳುತ್ತಿದ್ದಂಥವು. ಕಿಟೆಲ್ ಅಂದರೆ ನನಗೆ 1894ರ ಆ ದಪ್ಪ ನಿಘಂಟು, ಸುಮಾರು 70,000 ಪದ, ಅಷ್ಟೇ. ಅವರು 1862ರಲ್ಲೇ ಯೇಸುವಿನ ಕತೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದಿದ್ದರು.

"ಅಲ್ಲ ಮಾಸ್ಟ್ರೇ, ವಿಗ್ರಹಪೂಜೆ ತಪ್ಪು ಅನ್ನಲು ಬಂದವರು ದಾಸರ ಪದ ಯಾಕೆ ಅಚ್ಚು ಹಾಕಬೇಕು?"

"ತಪ್ಪು ಅಂತ ಹೇಳಲಿಕ್ಕಾದರೂ ಅದು ಎಂತ ಅಂತ ಗೊತ್ತಿರಬೇಕಲ್ಲ. ಓದ್ತಾ ಓದ್ತಾ ರುಚಿ ಹತ್ತಿರಬಹುದು. ಯಾರಿಗೆ ಗೊತ್ತು."

ಬಸ್ಸಿನ ಕರಪತ್ರದ ಕತೆ ಹೇಳಿ ನೇರವಾಗಿ ಕೇಳಿಯೇಬಿಟ್ಟೆ. "ನೀವು ಈಗಲೂ ಜನರನ್ನು ನಿಮ್ಮ ಧರ್ಮಕ್ಕೆ ಸೇರಿಸ್ತೀರಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇಜಾರಾಯಿತೇನೋ ಅಂದುಕೊಂಡೆ.

"ನನ್ನ ಅಜ್ಜನ ಅಪ್ಪ ಕಳ್ಳು ಇಳಿಸುತ್ತಿದ್ದವರು. ಕ್ರೈಸ್ತ ಸಭೆಗೆ ಸೇರಿದ ಮೇಲೆ ಜಾತಿಯವರು ಹೊರಗೆ ಹಾಕಿದರು. ಮಿಷನ್‌ನವರು ಕಳ್ಳಿನ ಕೆಲಸ ಬೇಡ ಅಂದರು. ಹೊಟ್ಟೆಗೆ ಎಂತ ಮಾಡುವುದು? ಜೆಪ್ಪುವಿನಲ್ಲಿ 1865ರಲ್ಲಿ ಪ್ಲೆಬ್ಸ್ಟ್ ಅಂತ ಒಬ್ಬರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದರು. ಅಲ್ಲಿ ಮಣ್ಣು ತುಳಿಯುವ ಕೆಲಸ ಸಿಕ್ಕಿತು. ದೇವರು ಕರೆದದ್ದಾ, ಕಾರ್ಖಾನೆ ಕರೆದದ್ದಾ? ನಮ್ಮ ಮನೆಯಲ್ಲಿ ಎರಡೂ ಕತೆ ಉಂಟು. ನನ್ನ ಅಮ್ಮ ಒಂದು ಹೇಳುತ್ತಿದ್ದರು, ದೊಡ್ಡಪ್ಪ ಇನ್ನೊಂದು."

"ನೀವು ಯಾವುದನ್ನು ನಂಬ್ತೀರಿ?"

"ಭಾನುವಾರ ಅಮ್ಮನದ್ದು," ಅಂದರು. ನಗಲಿಲ್ಲ.

ಆಮೇಲೆ ನನ್ನ ಪ್ರಶ್ನೆಗೆ ಬಂದರು. "ಸುವಾರ್ತೆ ಹೇಳುವುದು ನಮಗೆ ಇಲ್ಲ ಅಂದರೆ ಸುಳ್ಳಾಗ್ತದೆ. ಕೇಳಿದರೆ ಹೇಳ್ತೇನೆ. ನೀವು ಹೇಳಿದ ಆ ಕರಪತ್ರ ಉಂಟಲ್ಲ, ಅದು ನನಗೂ ಸರಿ ಕಾಣುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ವರ್ಷಕ್ಕೊಮ್ಮೆ ಭೂತಕೋಲ ಆಗ್ತದೆ. ಕರೀತಾರೆ, ಹೋಗಿ ಕೂತುಕೊಳ್ತೇನೆ. ಪ್ರಸಾದ ತಿನ್ನುವುದಿಲ್ಲ. ಅವರಿಗೆ ಗೊತ್ತುಂಟು. ನನಗೆ ಅಂತ ಒಂದು ಬೊಂಡ, ನೀವು ಎಳನೀರು ಅಂತೀರಲ್ಲ, ಅದನ್ನು ತೆಗೆದಿಟ್ಟಿರ್ತಾರೆ."

ನನಗೆ ಮುಂದೆ ಏನು ಕೇಳಬೇಕೋ ತೋಚಲಿಲ್ಲ. ಪ್ರಸಾದ ಬೇಡ ಅಂದರೆ ನಮ್ಮ ಮನೆಯಲ್ಲಿ ಮುಖ ಊದಿಸಿಕೊಳ್ಳುತ್ತಿದ್ದರು. ನಾನೂ ಊದಿಸಿಕೊಳ್ಳುತ್ತಿದ್ದೆ, ಅಲ್ವಾ?

ಮಳೆ ನಿಂತಿತು. ಅಂಗಳದ ಮೂಲೆಯಲ್ಲಿ ಒಡೆದ ಹೆಂಚುಗಳ ರಾಶಿ ಇತ್ತು. ಮಾಸ್ಟ್ರು ಒಂದನ್ನು ತೆಗೆದು ಹೆಬ್ಬೆರಳಿನಿಂದ ಪಾಚಿ ಕೆರೆದರು. ಹಸಿರು ಪದರ ಚರ್ಮದಂತೆ ಸುಲಿದು ಬಂತು. ಕೆಳಗೆ ಉಬ್ಬಿದ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಷನ್. ವರ್ಷ 1865, ಕೊನೆಯ ಐದು ಅರ್ಧ ಮುರಿದುಹೋಗಿತ್ತು. ಇಷ್ಟು ವರ್ಷ ಮಳೆ ತಿಂದರೂ ಅಂಚು ಕೈಗೆ ಚುಚ್ಚುವಷ್ಟು ಚೂಪಾಗಿತ್ತು. ಅವರು ಅದನ್ನು ಜಾಗದಲ್ಲೇ ಇಟ್ಟು ಕೈ ಒರೆಸಿಕೊಂಡರು. ಫೋನ್ ನಂಬರ್ ಕೊಟ್ಟರು.

ಮರುದಿನ ಉಡುಪಿ. ಕೃಷ್ಣಮಠದಲ್ಲಿ ವಿಪರೀತ ಸಾಲು, ಅದರ ಬಗ್ಗೆ ಹೇಳುವುದೇ ಬೇಡ. ಕನಕನ ಕಿಂಡಿಯ ಹತ್ತಿರ ಒಬ್ಬ ಅಜ್ಜಿ ಗೋಡೆಗೆ ಒರಗಿ ತನ್ನ ಪಾಡಿಗೆ ಒಂದು ಪದ ಹೇಳುತ್ತಿದ್ದರು. ಮೋಗ್ಲಿಂಗ್ ಪುಸ್ತಕದಲ್ಲಿ ಇದೂ ಇದೆಯಾ ಅಂತ ತಡೆಯಲಾರದೆ ಹೊರಗೆ ಬಂದು ಮಾಸ್ಟ್ರಿಗೆ ಫೋನ್ ಮಾಡಿದೆ. ಆಗಷ್ಟೇ ಆರಾಧನೆ ಮುಗಿಸಿ ಬಂದಿದ್ದರು.

"ಯಾವ ಪದ? ಮೊದಲ ಸಾಲು ಹೇಳಿ."

ನನಗೆ ಮೊದಲ ಸಾಲು ಕೇಳಿಸಿರಲಿಲ್ಲ. ಓಡಿ ಹೋಗಿ ಅಜ್ಜಿಯ ಕಡೆ ಫೋನ್ ಹಿಡಿದೆ. ಅಷ್ಟರಲ್ಲಿ ಅವರು ಹಾಡು ನಿಲ್ಲಿಸಿ ಚೀಲದಲ್ಲಿ ಚಪ್ಪಲಿ ಟೋಕನ್ ಹುಡುಕುತ್ತಿದ್ದರು.

"ಹಲೋ? ಎಂತದೂ ಕೇಳುವುದಿಲ್ಲ ಮಾರಾಯ್ರೇ," ಅಂದರು ಮಾಸ್ಟ್ರು. "ಅಲ್ಲಿಯೂ ಮಳೆ ಉಂಟಾ?"