ಲೇಕ್ ಫೋರ್ಕ್‌ನಲ್ಲಿ ಪ್ಲಾಸ್ಟಿಕ್ ಹುಳದ ಗಾಳ: ದೋಣಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಟೆಕ್ಸಾಸ್‌ನ ಲೇಕ್ ಫೋರ್ಕ್ ಕೆರೆಗೆ ಲಾರ್ಜ್‌ಮೌತ್ ಬಾಸ್ ಅನ್ನುವ ದೊಡ್ಡ ಬಾಯಿಯ ಸಿಹಿನೀರಿನ ಮೀನು ಹಿಡಿಯಲು ಹೋಗಿದ್ದೆವು. ಬಾಡಿಗೆ ದೋಣಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ನನ್ನ ದುಡ್ಡು ಹೋಗಿದ್ದು ಅಲ್ಲೇ. ಫೋನಿನಲ್ಲಿ ಅರ್ಧ ದಿನಕ್ಕೆ 180 ಡಾಲರ್ ಅಂದಿದ್ದರು. ಕೌಂಟರಿನಲ್ಲಿ ಸಹಿ ಹಾಕುವ ಹೊತ್ತಿಗೆ ಅದು 265 ಆಗಿತ್ತು. ಪೆಟ್ರೋಲಿಗೆ ಬೇರೆ, ದೋಣಿ ತೊಳೆಯೋದಕ್ಕೆ ಬೇರೆ, ಮೀನು ತೋರಿಸುವ ಸ್ಕ್ರೀನಿಗೆ ಬೇರೆ. ನಮ್ಮ ಭಾವ ಇದಕ್ಕೆಂದೇ ಹ್ಯೂಸ್ಟನ್‌ನಿಂದ ಕಾರು ಓಡಿಸಿಕೊಂಡು ಬಂದಿದ್ದರು. ಅವರೆದುರು ವಾಪಸ್ ಹೋಗೋಣ ಅನ್ನಲು ಮನಸ್ಸು ಬರಲಿಲ್ಲ. ಕಟ್ಟಿದೆ.

ಒಂದು ಗಂಟೆಯೊಳಗೆ ಮುಂದಿನ ಚಿಕ್ಕ ಮೋಟರಿನ ಬ್ಯಾಟರಿ ಕೈಕೊಟ್ಟಿತು. ಗಾಳಿ ಜಾಸ್ತಿ ಇತ್ತು. ದೋಣಿ ತಾನಾಗಿ ಒಣಮರಗಳ ನಡುವೆ ಹೋಗಿ ಸಿಕ್ಕಿಕೊಂಡಿತು. ಹೊರಗೆ ಬರುವಷ್ಟರಲ್ಲಿ ಬೆಳಗಿನ ಒಳ್ಳೆಯ ಹೊತ್ತೆಲ್ಲ ಮುಗಿದಿತ್ತು. ಒಂದು ಮೀನೂ ಇಲ್ಲ. ದಡಕ್ಕೆ ಬಂದು ಕೇಳಿದರೆ, ಬ್ಯಾಟರಿ ನಮ್ಮ ಜವಾಬ್ದಾರಿಯಲ್ಲ ಅಂದರು. ನೀವು ದೋಣಿ ತೆಗೆದುಕೊಳ್ಳುವುದೇ ಆದರೆ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಎರಡೂ ಮೋಟರನ್ನು ದಡದ ಪಕ್ಕ ನೀರಲ್ಲೇ ಐದು ನಿಮಿಷ ಓಡಿಸಿ ನೋಡಿ. ಬಾಯಿಮಾತು ನಂಬಬೇಡಿ.

ಈ ಕೆರೆಯ ಮರಗಳ ಬಗ್ಗೆ ಗೊತ್ತಿರಬೇಕು. ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆ ದೂರ. 1980ರಲ್ಲಿ ನೀರು ನಿಲ್ಲಿಸಿದಾಗ ಕಾಡಿನ ಬಹುಪಾಲನ್ನು ಹಾಗೇ ಬಿಟ್ಟರು. ಈಗಲೂ ಬೋಳು ಮರಗಳು ಸಾಲುಸಾಲಾಗಿ ನೀರಲ್ಲಿ ನಿಂತಿವೆ. ಎಷ್ಟೋ ಬುಡಗಳು ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿರುತ್ತವೆ, ಕಣ್ಣಿಗೆ ಕಾಣಲ್ಲ. ಗುರುತು ಹಾಕಿದ ದೋಣಿದಾರಿ ಬಿಟ್ಟು ಜೋರಾಗಿ ಹೋಗಲೇಬೇಡಿ. ಆದರೆ ಮೀನು ದೊಡ್ಡದಾಗಲು ಆ ಮರಗಳೂ ಒಂದು ಕಾರಣ. ಟೆಕ್ಸಾಸ್‌ನ ದಾಖಲೆಯ ಲಾರ್ಜ್‌ಮೌತ್ ಬಾಸ್ ಸಿಕ್ಕಿದ್ದು ಇಲ್ಲೇ, 1992ರ ಜನವರಿಯಲ್ಲಿ, 18.18 ಪೌಂಡ್. ನಮ್ಮ ಲೆಕ್ಕದಲ್ಲಿ ಎಂಟು ಕಿಲೋ ಮೇಲೆ.

ಮಾರನೇ ದಿನ, ಶುಕ್ರವಾರ, ದೋಣಿಯ ಆಸೆ ಬಿಟ್ಟು ದಡಕ್ಕೇ ಹೋದೆವು. ಏಪ್ರಿಲ್ ಕೊನೆಯ ವಾರ. ವಸಂತದಲ್ಲಿ ಬಾಸ್ ಮೊಟ್ಟೆಯಿಡಲು ಕಡಿಮೆ ನೀರಿಗೆ ಬರುತ್ತವೆ. ಆಗ ದಡದಿಂದ ಹತ್ತಿಪ್ಪತ್ತು ಅಡಿಯೊಳಗೇ ಇರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಏರಿದ ಮೇಲೆ ಆಳಕ್ಕೆ ಇಳಿದುಬಿಡುತ್ತವೆ, ಆಗ ದಡದವರಿಗೆ ಕಷ್ಟ. ಹಾಗಾಗಿ ದೋಣಿ ಇಲ್ಲದವರು ಮಾರ್ಚ್, ಏಪ್ರಿಲ್‌ನಲ್ಲೇ ಹೋಗಿ. ಒಂದು ತೊಂದರೆ ಏನೆಂದರೆ, ಸುತ್ತ ಬಹಳಷ್ಟು ಜಾಗದ ಹಿಂದೆ ಖಾಸಗಿ ಮನೆಗಳಿವೆ. ಎಲ್ಲೆಂದರಲ್ಲಿ ನಿಲ್ಲುವ ಹಾಗಿಲ್ಲ. ದೋಣಿ ನೀರಿಗಿಳಿಸುವ ಸಾರ್ವಜನಿಕ ರ‍್ಯಾಂಪ್‌ಗಳ ಪಕ್ಕ, ಸೇತುವೆಗಳ ಹತ್ತಿರ ಜಾಗ ಹುಡುಕಬೇಕು. ನಮಗೆ ಹಿಡಿಸಿದ್ದು ಹೆದ್ದಾರಿ 154ರ ಸೇತುವೆಯ ಕಡೆ.

ಈಗ ಹುಳದ ವಿಷಯ. ತೀರ್ಥಹಳ್ಳಿ ಕಡೆ ಹಳ್ಳದಲ್ಲಿ ಎರೆಹುಳು ಚುಚ್ಚಿ ಗಾಳ ಹಾಕಿ ಬೆಳೆದವನು ನಾನು. ಪ್ಲಾಸ್ಟಿಕ್ ಹುಳಕ್ಕೆ ಮೀನು ಬಾಯಿ ಹಾಕುತ್ತೆ ಅಂದರೆ ನಂಬಿಕೆಯೇ ಇರಲಿಲ್ಲ. ಆದರೆ ಇಲ್ಲಿ ಇದು ಹೊಸದೇನಲ್ಲ. 1949ರಲ್ಲಿ ಓಹಾಯೋದ ಏಕ್ರನ್ ಊರಲ್ಲಿ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಮನೆಯಲ್ಲೇ ಕರಗಿಸಿ, ಅಚ್ಚಿಗೆ ಹೊಯ್ದು ಮಾಡಿದ ಹುಳದಿಂದ ಶುರುವಾಗಿದ್ದು. ಅವರ ಕಂಪನಿ ಆಮೇಲೆ ಟೆಕ್ಸಾಸ್‌ನ ಟೈಲರ್ ಊರಿಗೆ ಬಂತು. ಟೈಲರ್ ಈ ಕೆರೆಗೆ ಒಂದು ಗಂಟೆ ದಾರಿ ಅಷ್ಟೇ.

ಕಟ್ಟುವ ಕ್ರಮಕ್ಕೆ ಟೆಕ್ಸಾಸ್ ರಿಗ್ ಅನ್ನುತ್ತಾರೆ. ಮೊದಲು ದಾರಕ್ಕೆ ಬಂದೂಕಿನ ಗುಂಡಿನ ಆಕಾರದ ತೂಕ ಪೋಣಿಸಿ, ಚೂಪು ತುದಿ ಕೋಲಿನ ಕಡೆಗಿರಲಿ. ಕಾಲು ಔನ್ಸ್ ಸಾಕು. ಆಮೇಲೆ 3/0 ಅಥವಾ 4/0 ಅಳತೆಯ, ಕತ್ತು ಬಾಗಿದ ಕೊಕ್ಕೆ ಕಟ್ಟಿ. ಏಳು ಇಂಚಿನ ಹುಳದ ತಲೆಗೆ ಕಾಲಿಂಚು ಚುಚ್ಚಿ ಹೊರಗೆ ತೆಗೆದು, ಕೊಕ್ಕೆಯನ್ನು ಕತ್ತಿನವರೆಗೂ ಎಳೆದು ತಿರುಗಿಸಿ. ಕೊನೆಗೆ ಮೊನೆಯನ್ನು ಹುಳದ ಮೈಯೊಳಗೇ ಮುಚ್ಚಿ. ಹುಳ ನೇರವಾಗಿ ನಿಲ್ಲಬೇಕು. ಸೊಟ್ಟಗಾದರೆ ನೀರಲ್ಲಿ ಗಿರಗಿರ ಸುತ್ತಿ ತಂಗೂಸಿ ಗಂಟಾಗುತ್ತೆ. ಮೊನೆ ಮುಚ್ಚಿರುವುದರಿಂದ ಮರದ ಕೊಂಬೆ, ಕಳೆಗೆ ಅಷ್ಟಾಗಿ ಸಿಕ್ಕಿಕೊಳ್ಳಲ್ಲ. ಇಂಥ ಕೆರೆಯಲ್ಲಿ ಬೇರೆ ಗಾಳ ಹಾಕಿದರೆ ಅರ್ಧ ದಿನ ಬಿಡಿಸುವುದರಲ್ಲೇ ಹೋಗುತ್ತೆ.

ನಾನು ಮಾಡಿದ ತಪ್ಪು ಅವಸರ. ಎಸೆದ ತಕ್ಷಣ ರೀಲ್ ಸುತ್ತುತ್ತಿದ್ದೆ. ಭಾವ ಪಕ್ಕದಲ್ಲಿ ನಿಂತು ನೋಡಿದರು. "ಎಳೀಬೇಡ ಮಾರಾಯ. ತಳ ಮುಟ್ಟೋವರೆಗೂ ಸುಮ್ನಿರು. ಆಮೇಲೂ ಸ್ವಲ್ಪ ಸುಮ್ನಿರು" ಅಂದರು. ತಳ ಮುಟ್ಟಿದ ಮೇಲೆ ಕೋಲಿನ ತುದಿಯನ್ನು ಒಂದು ಗೇಣು ಎತ್ತಿ, ಮತ್ತೆ ಇಳಿಸಿ, ಹತ್ತು ಎಣಿಸಬೇಕು. ಅಷ್ಟೇ. ನಮ್ಮ ಕಡೆಯ ಅವುಲು ಮೀನಿನ ಹಾಗೆ ಇದೂ ಕಳೆಯಲ್ಲಿ, ಬುಡದ ನೆರಳಲ್ಲಿ ಹೊಂಚು ಹಾಕಿ ಕೂರುವ ಮೀನು. ಬಹಳ ಸಲ ಹುಳ ಮುಳುಗುತ್ತಿರುವಾಗಲೇ ಹಿಡಿಯುತ್ತೆ. ಬೆರಳನ್ನು ದಾರದ ಮೇಲಿಟ್ಟಿರಿ. ಟಕ್ ಟಕ್ ಅಂದರೆ, ಇಲ್ಲವೇ ದಾರ ಪಕ್ಕಕ್ಕೆ ಜರುಗಿದರೆ, ಸಡಿಲ ಸುತ್ತಿಕೊಂಡು ಜೋರಾಗಿ ಎತ್ತಬೇಕು. ಮೊನೆ ಮೊದಲು ಪ್ಲಾಸ್ಟಿಕ್ ಹರಿಯಬೇಕಲ್ವಾ, ಮೆಲ್ಲಗೆ ಎಳೆದರೆ ಆಗಲ್ಲ.

ಏಳೂವರೆಗೆ ದಾರ ಎಡಕ್ಕೆ ಜರುಗಿತು. ಎತ್ತಿದೆ. ಕೋಲು ಬಿಲ್ಲಾಯಿತು, ಮೀನು ನೀರಿಂದ ಮೇಲೆ ಹಾರಿ ತಲೆ ಕೊಡವಿತು. ಭಾವ ಕೆಳತುಟಿ ಹಿಡಿದು ಎತ್ತಿದರು. ಅಳೆದರೆ 19 ಇಂಚು. ನನ್ನ ಜೀವನದ ಅತಿ ದೊಡ್ಡ ಮೀನು, ಮನೆಗೆ ತರುವಂತಿರಲಿಲ್ಲ. ಈ ಕೆರೆಯಲ್ಲಿ 16 ಇಂಚಿಗಿಂತ ದೊಡ್ಡ, 24ಕ್ಕಿಂತ ಚಿಕ್ಕ ಬಾಸ್ ಸಿಕ್ಕರೆ ತಕ್ಷಣ ಬಿಡಬೇಕು. ದಿನಕ್ಕೆ ಒಬ್ಬರಿಗೆ ಐದು, ಅದರಲ್ಲಿ 24 ಇಂಚು ಮೇಲಿನದು ಒಂದೇ. ಮೀನು ದೊಡ್ಡದಾಗಿ ಬೆಳೆಯಲಿ ಅಂತ ಮಾಡಿದ ನಿಯಮ, ನನಗೆ ಪೂರ್ತಿ ಒಪ್ಪಿಗೆ. ಅಳತೆ ಪಟ್ಟಿ ಮಾತ್ರ ಮರೆಯಬೇಡಿ. ಆಮೇಲೆ 14 ಇಂಚಿನವು ಎರಡು ಸಿಕ್ಕವು. ಐಸ್‌ನಲ್ಲಿಟ್ಟು ಮನೆಗೆ ತಂದು, ಖಾರ ಸವರಿ, ರವೆ ಹಚ್ಚಿ ಹುರಿದೆವು.

ರೂಮಿನ ಬಗ್ಗೆ ಹೇಳುವುದು ಸ್ವಲ್ಪವೇ. ಶನಿವಾರ ಮೀನು ಹಿಡಿಯುವ ಪಂದ್ಯ ಇದೆ ಅಂತ ಸಿಗರೇಟು ವಾಸನೆಯ ರೂಮಿಗೆ ರಾತ್ರಿಗೆ 170 ಡಾಲರ್ ತೆಗೆದುಕೊಂಡರು. ಶನಿವಾರ ಬೆಳಗ್ಗೆ ದೋಣಿಗಳ ಸದ್ದಿಗೆ ನಿದ್ದೆಯೂ ಇಲ್ಲ, ನೀರೂ ಕಲಕಿಹೋಗಿತ್ತು. ನನಗೆ ಗದ್ದಲ ಆಗಲ್ಲ. ವಾರದ ನಡುವೆ ಎರಡು ದಿನ ರಜೆ ಹಾಕಿ ಹೋಗುವುದೇ ಮೇಲು.

ಊಟ ಮಾತ್ರ ಇಂದಿಗೂ ನಾಲಿಗೆಯಲ್ಲಿದೆ. ಎಮೊರಿ ಕಡೆಯ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನ ಹಿಂದೆ ತಗಡಿನ ಸೂರಿನ ಒಂದು ಜಾಗ. ಆರು ಮೇಜು, ಅಷ್ಟೇ. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಕ್ಯಾಟ್‌ಫಿಶ್, ಜೊತೆಗೆ ಅದೇ ಹಿಟ್ಟಿನ ಉಂಡೆ ಬೋಂಡಾ, ಕಾಳಿನ ಸಾರು, ಹಸಿ ಟೊಮೇಟೊ ಉಪ್ಪಿನಕಾಯಿಯಂಥದ್ದು. ಹತ್ತು ಡಾಲರಿಗೆ ಇಬ್ಬರಿಗೆ ಸಾಕಾಗುವಷ್ಟು. ಮೀನು ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಕರಿದಿದ್ದರೂ ಮೀನು ಎಣ್ಣೆ ಹೀರಿಕೊಂಡಿರಲಿಲ್ಲ. ಬಡಿಸುವ ಅಜ್ಜಿ ನಮ್ಮ ತಟ್ಟೆ ಖಾಲಿ ಇದ್ದಿದ್ದು ನೋಡಿ ಕೇಳದೆಯೇ ಇನ್ನೆರಡು ತುಂಡು ಹಾಕಿದರು, ಬಿಲ್ಲಿಗೆ ಸೇರಿಸಲಿಲ್ಲ. ಎರಡು ದಿನದಲ್ಲಿ ಮೂರು ಸಲ ಹೋದೆವು. ಮಧ್ಯಾಹ್ನ ಒಂದು ಗಂಟೆಯ ಮೇಲೆ ಮೀನು ಮುಗಿದುಹೋಗುತ್ತೆ, ಬೇಗ ಹೋಗಿ.

ಲೈಸೆನ್ಸ್ ಹೆಚ್ಚುಕಮ್ಮಿ ಎಲ್ಲರಿಗೂ ಬೇಕು. 17 ತುಂಬಿದವರಿಗೆ ಬೇಕು, ಊರಿಂದ ಬಂದ ಅಪ್ಪ, ಮಾವ ಗಾಳ ಹಿಡಿದರೂ ಬೇಕು. ಒಂದು ದಿನದ್ದೂ ಸಿಗುತ್ತೆ. ವರ್ಷದ ಮಾಮೂಲಿ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತೆ, ಜುಲೈನಲ್ಲಿ ಕೊಂಡರೂ ಅಷ್ಟೇ.

ಹುಳದ ಬಣ್ಣ ಜಾಸ್ತಿ ಬೇಡ. ತಿಳಿನೀರಿಗೆ ಹಸಿರು ಛಾಯೆಯದು, ಕಲಕಿದ ನೀರಿಗೆ ಕಪ್ಪು ಇಲ್ಲವೇ ಗಾಢ ನೇರಳೆ. ಅವು ಬಂದ ಪೊಟ್ಟಣದಲ್ಲೇ ಇಡಿ. ಬೇರೆ ಬೇರೆ ಬಣ್ಣ ಒಟ್ಟಿಗಿಟ್ಟರೆ ಒಂದರದ್ದು ಒಂದಕ್ಕೆ ಹತ್ತಿಕೊಳ್ಳುತ್ತೆ. ಹರಿದವನ್ನು ನೀರಿಗೆ ಎಸೆಯಬೇಡಿ. ಮೀನು ನುಂಗಿದರೆ ಅದಕ್ಕೆ ಅರಗಲ್ಲ. ಭಾವ ಅಂಗಿಯ ಜೇಬಿಗೇ ಹಾಕಿಕೊಂಡು ಬಂದರು.